ಅಟ್ಟ ಹತ್ತದ ಯಂತ್ರ

ನಮ್ಮ ಮನೆಯ ಅಟ್ಟದ ಮೇಲೆ ಐದು ಯಂತ್ರಗಳಿವೆ. ಹಣ್ಣಿನ ರಸ ತೆಗೆಯುವುದೊಂದು. ಬ್ರೆಡ್ ಸುಡುವುದೊಂದು, ಅದು ಬಂದ ಕಾಲಕ್ಕೆ ನಮ್ಮೂರಿನಲ್ಲಿ ಯಾರಿಗಾದರೂ ಜ್ವರ ಬಂದರೆ ಮಾತ್ರ ಬ್ರೆಡ್ ತರುತ್ತಿದ್ದರು. ದಾರ ಎಳೆದರೆ ಈರುಳ್ಳಿ ಹೆಚ್ಚುವ ಡಬ್ಬಿಯೊಂದು. ಮೂರನೇ ವಾರಕ್ಕೆ ದಾರ ಕೈಗೇ ಬಂತು. ಇಪ್ಪತ್ತು ಜನರಿಗೆ ಅನ್ನ ಮಾಡುವ ಕರೆಂಟಿನ ಪಾತ್ರೆಯೊಂದು. ಐದನೆಯದು ರೊಟ್ಟಿ ಮೇಕರ್. ಕಾದ ಎರಡು ತಟ್ಟೆಗಳ ನಡುವೆ ಹಿಟ್ಟಿನ ಉಂಡೆ ಇಟ್ಟು ಒತ್ತಿದರೆ ಸಾಕು, ರೊಟ್ಟಿಯೇ ಹೊರಗೆ ಬರುತ್ತದೆ ಎಂದು ಮಾರುವವರು ಹೇಳಿದ್ದರು. ನಮ್ಮದು ಅಕ್ಕಿ ರೊಟ್ಟಿಯ ಮನೆ. ಅಕ್ಕಿ ಹಿಟ್ಟು ಮೇಲಿನ ತಟ್ಟೆಗೆ ಅರ್ಧ, ಕೆಳಗಿನ ತಟ್ಟೆಗೆ ಅರ್ಧ ಅಂಟಿಕೊಂಡು ಕೂತಿತು. ಅದನ್ನು ತಂದ ಪುಣ್ಯಾತ್ಮ ನಾನೇ, ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆ.

ನಾನು ಊರಿನ ಶಾಖಾ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವನು. ಮನಿಯಾರ್ಡರು, ಉಳಿತಾಯದ ಪಾಸ್ ಪುಸ್ತಕ, ಪಾರ್ಸೆಲ್ಲಿನ ತೂಕ ಎಲ್ಲದಕ್ಕೂ ಲೆಕ್ಕ ಇಟ್ಟವನು. ಆದರೆ ನನ್ನ ಮನೆಯ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎನ್ನುವ ಲೆಕ್ಕ ನನ್ನ ಹತ್ತಿರ ಇರಲಿಲ್ಲ. ಅದನ್ನು ಬರೆದು ತೋರಿಸಿದ್ದು ಏಳನೇ ಕ್ಲಾಸಿನ ಮೊಮ್ಮಗಳು. ಅಜ್ಜಿಗೋ ಅಮ್ಮನಿಗೋ ದುಬಾರಿಯ ಯಂತ್ರವೊಂದನ್ನು ತರಬೇಕು ಎಂಬ ಮಾತು ನಿಮ್ಮ ಮನೆಯಲ್ಲೂ ನಡೆದಿದ್ದರೆ, ಈ ಕಥೆ ಉಪಯೋಗಕ್ಕೆ ಬಂದೀತು.

ಅಂಬ್ಲಿಗೊಳ ಎಂದರೆ ದೂರದವರಿಗೆ ಜಲಾಶಯ. ಭಾನುವಾರ ಬೈಕಿನಲ್ಲಿ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಮಗೆ ಅದು ಗದ್ದೆಯ ನೀರು. ಶಿಕಾರಿಪುರ, ಸೊರಬದ ಈ ಕಡೆ ಮಲೆನಾಡೂ ಹೌದು, ಬಯಲುಸೀಮೆಯ ಬಾಗಿಲೂ ಹೌದು. ಅಡುಗೆಯೂ ಹಾಗೆಯೇ, ಅಕ್ಕಿ ರೊಟ್ಟಿ ತಟ್ಟುವ ಕೈಯೇ ಜೋಳದ ರೊಟ್ಟಿಯನ್ನೂ ತಟ್ಟುತ್ತದೆ. ಊರಿನ ಹೆಸರಿನಲ್ಲೇ ಅಂಬಲಿ ಇದೆಯಲ್ಲ ಅಜ್ಜ, ಅದಕ್ಕೇ ನಮ್ಮ ಅಜ್ಜಿಗೆ ಇಷ್ಟು ಅಡುಗೆ ಹುಚ್ಚು ಎನ್ನುವುದು ನಾಲ್ಕನೇ ಕ್ಲಾಸಿನ ಮೊಮ್ಮಗನ ಸಂಶೋಧನೆ.

ಅಜ್ಜಿಗೆ ಈಗ ಅರವತ್ತಾರು. ಅವಳ ವರ್ಷದ ದೊಡ್ಡ ಪರೀಕ್ಷೆ ಎಂದರೆ ಭೂಮಿ ಹುಣ್ಣಿಮೆ. ದಸರೆ ಕಳೆದ ಮೇಲೆ ಬರುವ ಹುಣ್ಣಿಮೆ ಅದು, ಶೀಗಿ ಹುಣ್ಣಿಮೆ ಎಂದೂ ಕರೆಯುತ್ತಾರೆ. ಆಗ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ನಮ್ಮ ಕಡೆಯ ನಂಬಿಕೆಯಲ್ಲಿ ಭೂಮಿತಾಯಿ ಆಗ ಬಸುರಿ, ಅವಳ ಬಯಕೆ ತೀರಿಸಬೇಕು. ಹಿಂದಿನ ದಿನವಿಡೀ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಹೆಂಗಸರು ಅಡುಗೆ ಮಾಡುತ್ತಾರೆ. ಹತ್ತಾರು ಬಗೆಯ ಸೊಪ್ಪು, ಕುಡಿ ಸೇರಿಸಿ ಬೇಯಿಸಿದ ಹಚ್ಚಂಬಲಿ, ಸೌತೆಕಾಯಿ ಕಡುಬು, ಬುತ್ತಿ, ಪಲ್ಯ, ಪಾಯಸ, ಹೋಳಿಗೆ. ಬೆಳಕು ಹರಿಯುವ ಮೊದಲು ಹಚ್ಚಂಬಲಿಯನ್ನು ಗದ್ದೆಗೆ ಬೀರಿ ಬರಬೇಕು. ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಪೂಜೆ ಮಾಡಿ, ಅಲ್ಲೇ ಊಟ.

ಹೋದ ವರ್ಷದ ಆ ರಾತ್ರಿ ಹನ್ನೊಂದರ ಹೊತ್ತಿಗೆ ಒರಳುಕಲ್ಲಿನ ಸದ್ದು ನಿಂತಿತು. ನಾನು ಜಗಲಿಯಲ್ಲಿದ್ದೆ. ಕರೆಂಟು ಹೋದರೆ ಮಿಕ್ಸಿ ನಿಲ್ಲುತ್ತದೆ, ಒರಳುಕಲ್ಲು ಯಾಕೆ ನಿಂತಿತು ಎಂದು ಒಳಗೆ ಹೋದೆ. ಹೋಳಿಗೆಯ ಹೂರಣ ಅರ್ಧ ರುಬ್ಬಿ ಅಜ್ಜಿ ಹಾಗೇ ಕೂತಿದ್ದಳು. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಡಾಕ್ಟರು ನೋಡಿ, ಭುಜದ ಕೀಲು ಬಿಗಿದಿದೆ, ವ್ಯಾಯಾಮ ಮಾಡಿ, ರುಬ್ಬುವುದು, ಭಾರ ಎತ್ತುವುದು ಬಿಡಿ ಎಂದರು. ಅದಕ್ಕೆ ನಾನು ಅಷ್ಟು ಹೆದರಲಿಲ್ಲ. ಹೆದರಿದ್ದು ನಾಲ್ಕು ತಿಂಗಳ ಮೇಲೆ. ಒಂದು ಸಂಜೆ ಅವಳೇ, “ಮುಂದಿನ ಹುಣ್ಣಿಮೆಗೆ ಹೋಳಿಗೆ ಪೇಟೆಯಿಂದ ತಂದರಾಯ್ತು ಬಿಡಿ” ಎಂದಳು. ಪೇಟೆಯ ಹೋಳಿಗೆಯನ್ನು ಮೂಸಿಯೂ ನೋಡದವಳು.

ಮಕ್ಕಳಿಗೆ ಸುದ್ದಿ ಹೋಯಿತು. ಎಲ್ಲರೂ ಫೋನಿನಲ್ಲೇ ಯಂತ್ರ ಹುಡುಕಲು ಕೂತರು. ಬೆಂಗಳೂರಿನ ಮಗ ಏರ್ ಫ್ರೈಯರ್ ಎಂದ. ಎಣ್ಣೆ ಬೇಡ, ಬಿಸಿ ಗಾಳಿಯಲ್ಲೇ ಕರಿಯುತ್ತದೆ, ಅಮ್ಮನ ಆರೋಗ್ಯಕ್ಕೂ ಒಳ್ಳೆಯದು ಎಂದ. ಶಿವಮೊಗ್ಗದ ಮಗಳು ಹಿಟ್ಟು ನಾದುವ, ತರಕಾರಿ ಹೆಚ್ಚುವ, ರಸ ಹಿಂಡುವ, ಹನ್ನೆರಡು ಬಿಡಿಭಾಗಗಳ ಫುಡ್ ಪ್ರೊಸೆಸರ್ ಎಂದಳು. ಅಳಿಯಂದಿರು ಪಾತ್ರೆ ತೊಳೆಯುವ ಯಂತ್ರ ಎಂದರು. ಅದು ಒಳ್ಳೆಯ ಯೋಚನೆಯೇ, ಆದರೆ ನಮ್ಮನೆಗೆ ನಲ್ಲಿ ನೀರು ಬರುವುದು ಅದಕ್ಕೆ ಮನಸ್ಸಾದಾಗ.

ದುಡ್ಡು ನಾವೆಲ್ಲ ಹಾಕುತ್ತೇವೆ ಎಂದರೂ ಅಜ್ಜಿ ಒಪ್ಪಲಿಲ್ಲ. ಗೃಹಲಕ್ಷ್ಮಿಯ ಹಣ ತಿಂಗಳಿಗೆ 2000 ರೂಪಾಯಿಯಂತೆ ಅವಳ ಖಾತೆಗೆ ಬರುತ್ತಿತ್ತು. ಅದರಲ್ಲಿ ಖರ್ಚಾದದ್ದು ಆಗಿ, ಉಳಿದದ್ದನ್ನು ಮುಟ್ಟಿರಲಿಲ್ಲ. 2024ರಲ್ಲಿ ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಇದೇ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದರಲ್ಲ, ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ಇವಳ ಮುಖ ನೋಡಬೇಕಿತ್ತು. “ನನ್ನ ದುಡ್ಡು ನನ್ನ ಒಲೆಗೇ ಹೋಗಲಿ. ಆದರೆ ಈ ಸಲ ಅಟ್ಟಕ್ಕೆ ಹೋಗೋದು ಬೇಡ” ಎಂದಳು. ಹೇಳಿ ನನ್ನ ಕಡೆ ನೋಡಿದಳು.

ದಸರಾ ರಜೆಗೆ ಮೊಮ್ಮಕ್ಕಳು ಬಂದರು. ಮೊಮ್ಮಗಳ ಶಾಲೆಯಲ್ಲಿ ಸಮೀಕ್ಷೆ ಮಾಡುವ ಪಾಠ ಆಗಿತ್ತಂತೆ. ಅವಳು ಹಳೆಯ ನೋಟ್ ಬುಕ್ಕಿನ ಖಾಲಿ ಹಾಳೆಗಳಿಗೆ ಗೆರೆ ಹಾಕಿ ಮೂರು ಕಾಲಂ ಮಾಡಿದಳು. ಕೆಲಸ. ನಿಮಿಷ. ಮೂರನೆಯದು, ‘ಅಜ್ಜಿ ಭುಜ ಹಿಡಿದುಕೊಂಡದ್ದು ಎಷ್ಟು ಸಲ’. ಒಂದು ವಾರ ಇಬ್ಬರೂ ಸರದಿಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂತರು. ಅಜ್ಜಿಗೆ ಏನೂ ಹೇಳಿರಲಿಲ್ಲ, ಹೋಂವರ್ಕ್ ಎಂದಿದ್ದರು.

ಏಳನೇ ದಿನ ನೋಟ್ ಬುಕ್ಕನ್ನು ನನ್ನ ಮುಂದೆ ಇಟ್ಟರು. ನಾನು ಕನ್ನಡಕ ಹಾಕಿಕೊಂಡೆ.

ಎಣ್ಣೆಯಲ್ಲಿ ಕರಿದದ್ದು ವಾರದಲ್ಲಿ ಒಂದೇ ಸಲ, ಸಂಡಿಗೆ, ಆರು ನಿಮಿಷ. ಏರ್ ಫ್ರೈಯರ್ ಅಲ್ಲಿಗೆ ಮುಗಿಯಿತು. ರೊಟ್ಟಿ ತಟ್ಟುವುದು ದಿನಾ ಮೂವತ್ತೈದು ನಲವತ್ತು ನಿಮಿಷ, ಎಲ್ಲಕ್ಕಿಂತ ಹೆಚ್ಚು ಹೊತ್ತಿನ ಕೆಲಸ. ಭುಜ ಹಿಡಿದುಕೊಂಡದ್ದು ಸೊನ್ನೆ. ಪಕ್ಕದಲ್ಲಿ ಮೊಮ್ಮಗಳ ಟಿಪ್ಪಣಿ: ‘ಅಜ್ಜಿ ರೊಟ್ಟಿ ತಟ್ಟುವಾಗ ಹಾಡು ಹೇಳಿಕೊಳ್ಳುತ್ತಾಳೆ.’ ನನಗೆ ಅಟ್ಟದ ಮೇಲಿನ ರೊಟ್ಟಿ ಮೇಕರ್ ನೆನಪಾಯಿತು. ಅವಳು ಖುಷಿಯಿಂದ ಮಾಡುವ ಕೆಲಸವನ್ನೇ ಕಿತ್ತುಕೊಳ್ಳುವ ಯಂತ್ರವನ್ನು ನಾನು ದುಡ್ಡು ಕೊಟ್ಟು ತಂದಿದ್ದೆ. ರೊಟ್ಟಿ ಅಂಟಿಕೊಂಡದ್ದೇ ಒಳ್ಳೆಯದಾಯಿತು.

ತರಕಾರಿ ಹೆಚ್ಚುವುದು, ಒಗ್ಗರಣೆ, ಸಾರು, ಪಾತ್ರೆ, ಇವುಗಳ ಮುಂದೆ ಒಂದೊಂದು, ಎರಡೆರಡು ಗೀಟು. ರುಬ್ಬುವುದರ ಮುಂದೆ ಹನ್ನೊಂದು ಗೀಟು. ಡಾಕ್ಟರು ಬೇಡ ಎಂದಿದ್ದರೂ ವಾರಕ್ಕೆ ಮೂರು ಸಲ ಒರಳಿಗೆ ಕೂರುತ್ತಿದ್ದಳು. ಚಟ್ನಿಗೆ ಮಿಕ್ಸಿ ಆಗುತ್ತದೆ, ಉದ್ದಿಗೆ ಆಗುವುದಿಲ್ಲ ಎನ್ನುವುದು ಅವಳ ಹಟ. ಕಾಯಿ ತುರಿಯುವುದರ ಮುಂದೆ ಒಂಬತ್ತು ಗೀಟು. ಈಳಿಗೆಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಲಗೈಯಿಂದ ಕಾಯಿ ಒತ್ತಿ ತಿರುಗಿಸುವುದು ದಿನಕ್ಕೆ ಹದಿನೈದು ನಿಮಿಷ.

ಕೊನೆಯ ಹಾಳೆಯಲ್ಲಿ ಮೊಮ್ಮಗ ತಾನೇ ಒಂದು ಕಾಲಂ ಹಾಕಿಕೊಂಡಿದ್ದ. ‘ಅಜ್ಜ ಅಡುಗೆಮನೆಗೆ ಬಂದದ್ದು: 14 ಸಲ. ಕಾಫಿ ಕೇಳಲು 9. “ಆಯ್ತಾ?” ಎಂದು ಕೇಳಲು 5.’

ನಾನು ಕನ್ನಡಕ ತೆಗೆದು ಒರೆಸಿದೆ. ಅದಕ್ಕೆ ಧೂಳೇನೂ ಆಗಿರಲಿಲ್ಲ.

ಹಾಗಾದರೆ ತರಬೇಕಾದದ್ದು ರುಬ್ಬುವ ಯಂತ್ರ, ಗ್ರೈಂಡರ್. ಇಷ್ಟು ಗೊತ್ತಾದ ಮೇಲೆ ಮೊಮ್ಮಗನಿಗೆ ಒಂದು ಸಂಶಯ. ಮಿಕ್ಸಿಯೂ ರುಬ್ಬುತ್ತದೆ, ಮತ್ತೆ ಇನ್ನೊಂದು ಯಾಕೆ? ಒಳ್ಳೆಯ ಪ್ರಶ್ನೆ. ಮಿಕ್ಸಿಯ ಕಥೆಯೇ ಒಂದು ಚಂದ. 1960ರ ದಶಕದಲ್ಲಿ ಮುಂಬಯಿಯಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಇದ್ದರು. ಅವರ ಹೆಂಡತಿ ಮಾಧುರಿಯವರ ಹತ್ತಿರ ಜರ್ಮನಿಯ ಮಿಕ್ಸರ್ ಒಂದಿತ್ತು. ನಮ್ಮ ಮಸಾಲೆ, ನಮ್ಮ ಬೇಳೆ ಅರೆದು ಅರೆದು ಅದರ ಮೋಟರು ಸುಟ್ಟುಹೋಯಿತು. ಹಣ್ಣು, ಹಾಲು ಕಲಸುವುದಕ್ಕೆಂದು ಮಾಡಿದ ಯಂತ್ರಕ್ಕೆ ಕೊತ್ತಂಬರಿ ಬೀಜ, ಒಣಮೆಣಸು ಹಾಕಿದರೆ ಇನ್ನೇನಾದೀತು? ನಮ್ಮ ಅಡುಗೆಯನ್ನು ತಡೆದುಕೊಳ್ಳುವಂಥ ಮೋಟರಿನ ಯಂತ್ರವನ್ನು ಮಾಥುರ್ ತಾವೇ ಮಾಡಲು ಹೊರಟರು. ಹಾಗೆ ಹುಟ್ಟಿದ್ದು ಸುಮೀತ್ ಮಿಕ್ಸಿ. ನಿಮ್ಮ ಅಜ್ಜಿಯನ್ನು ಕೇಳಿ, ಆ ಹೆಸರು ಹೇಳಿದರೆ ಅವರ ಮುಖ ಅರಳುತ್ತದೆ. ಹೆಂಡತಿಯ ಕೈಯ ಕೆಲಸ ನೋಡಿ ಗಂಡ ಯಂತ್ರ ಮಾಡಿದ. ನಾನು ನೋಡದೇ ಕೊಂಡೆ.

ಗ್ರೈಂಡರು ಅದಕ್ಕಿಂತ ಹಳೆಯದು. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಎಂಬವರು ಒರಳುಕಲ್ಲಿಗೆ ಮೋಟರು ಜೋಡಿಸಿದರು. ಒರಳಿನಲ್ಲಿ ಒರಳು ನಿಂತಿರುತ್ತದೆ, ಗುಂಡು ತಿರುಗುತ್ತದೆ. ಈಗಿನ ಗ್ರೈಂಡರಿನಲ್ಲಿ ತಿರುಗುವುದು ಪಾತ್ರೆ. ಕಲ್ಲುಗಳು ಅದರೊಳಗೆ ಕೂತಲ್ಲೇ ಉರುಳುತ್ತವೆ. ಕೆಲಸ ಒಂದೇ. ಆ ಊರಿಗೂ ಈ ಯಂತ್ರಕ್ಕೂ ಎಂಥ ನಂಟು ಎಂದರೆ, ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಿ, ಅಂದರೆ ‘ಇದು ಈ ಊರಿನದು’ ಎಂಬ ಸರ್ಕಾರಿ ಗುರುತು ಸಿಕ್ಕಿದೆ. ನಮ್ಮ ಅಪ್ಪೆಮಿಡಿಗೆ ಸಿಕ್ಕಿದೆಯಲ್ಲ, ಅಂಥದೇ.

ಇನ್ನು ಅಜ್ಜಿಯ ಹಟದ ಮಾತು. ಮಿಕ್ಸಿಯ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ. ಬೇಳೆಯನ್ನು ಕತ್ತರಿಸುತ್ತದೆ, ಜೊತೆಗೆ ಹಿಟ್ಟು ಬಿಸಿಯಾಗುತ್ತದೆ. ಕಲ್ಲು ನಿಧಾನ. ಅದು ಕತ್ತರಿಸುವುದಿಲ್ಲ, ಅರೆಯುತ್ತದೆ. ಹಿಟ್ಟು ತಣ್ಣಗಿರುತ್ತದೆ, ಉದ್ದಿನೊಳಗೆ ಗಾಳಿ ಸೇರಿ ಹಗುರಾಗಿ ಉಬ್ಬುತ್ತದೆ. ಮಕ್ಕಳೇ, ನೀವೇ ನೋಡಬಹುದು. ಉದ್ದಿನ ಹಿಟ್ಟಿನ ಒಂದು ಚಿಕ್ಕ ಉಂಡೆಯನ್ನು ಲೋಟದ ನೀರಿಗೆ ಹಾಕಿ. ಚೆನ್ನಾಗಿ ರುಬ್ಬಿದ್ದರೆ ತೇಲುತ್ತದೆ. ನಮ್ಮ ಮೊಮ್ಮಕ್ಕಳು ಎರಡು ಲೋಟ ಇಟ್ಟು ಮಾಡಿದರು. ಒರಳಿನದು ತೇಲಿತು, ಮಿಕ್ಸಿಯದು ತಳಕ್ಕೆ ಹೋಯಿತು. ಅಜ್ಜಿ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, “ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ” ಎಂದಳು. ಆಮೇಲೆ ಗೊತ್ತಾಯಿತು, ಮಿಕ್ಸಿಗೆ ಹುಡುಗ ನೀರು ಜಾಸ್ತಿ ಹಾಕಿದ್ದ. ಆದರೂ ತೀರ್ಪು ಬದಲಾಗಲಿಲ್ಲ.

ಮುಂದಿನದು ಕರೆಂಟಿನ ಲೆಕ್ಕ. ಯಂತ್ರದ ಬೆನ್ನಿಗೋ ಬುಡಕ್ಕೋ ಅಂಟಿಸಿದ ಚೀಟಿಯಲ್ಲಿ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ. 1000 ವ್ಯಾಟಿನ ಯಂತ್ರ ಒಂದು ಗಂಟೆ ನಡೆದರೆ ಒಂದು ಯೂನಿಟ್. ಮಕ್ಕಳಿಗೆ ಲೆಕ್ಕ ಕೊಟ್ಟೆ. 750 ವ್ಯಾಟಿನ ಮಿಕ್ಸಿ 8 ನಿಮಿಷ ನಡೆಯಿತು. 150 ವ್ಯಾಟಿನ ಗ್ರೈಂಡರ್ 40 ನಿಮಿಷ ನಡೆಯಿತು. ಯಾವುದಕ್ಕೆ ಹೆಚ್ಚು ಕರೆಂಟು? ಗ್ರೈಂಡರಿಗೆ ಎಂದ ಮೊಮ್ಮಗ, ಅದು ಅಷ್ಟು ಹೊತ್ತು ತಿರುಗುತ್ತದಲ್ಲ. ನೀವೂ ಪೆನ್ಸಿಲ್ ತೆಗೆದು ಮಾಡಿ ನೋಡಿ. ಎರಡೂ ಸರಿಸಮ, ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು. ಏರ್ ಫ್ರೈಯರ್ 1500 ವ್ಯಾಟಿನದಾದರೆ ಇಪ್ಪತ್ತು ನಿಮಿಷಕ್ಕೆ ಅರ್ಧ ಯೂನಿಟ್. ಅದು ಕೆಟ್ಟ ಯಂತ್ರ ಎಂದಲ್ಲ. ದಿನಾ ಕರಿಯುವ ಮನೆಗೆ ಅದು ಸರಿ.

ಹಳ್ಳಿಯಲ್ಲಿ ಇನ್ನೆರಡು ವಿಷಯ ನೋಡಬೇಕು. ವೋಲ್ಟೇಜ್ ಕಡಿಮೆ ಇದ್ದಾಗ ಮೋಟರು ತಿರುಗದೆ ಬರೀ ಗುಂಯ್‌ಗುಡುತ್ತದೆ. ಆಗ ತಕ್ಷಣ ಸ್ವಿಚ್ ಆರಿಸಬೇಕು, ಇಲ್ಲದಿದ್ದರೆ ಸುಟ್ಟೀತು. ಎರಡನೆಯದು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ ಇರುವ ಮೂರನೇ ಪಿನ್ನು ಸುಮ್ಮನೆ ಇರುವುದಲ್ಲ. ರುಬ್ಬುವ ಜಾಗದಲ್ಲಿ ನೀರಿರುತ್ತದೆ, ಕೈ ಒದ್ದೆ ಇರುತ್ತದೆ, ಪಾತ್ರೆ ಸ್ಟೀಲಿನದು. ನಮ್ಮ ಹಳೆಯ ಮನೆಯ ಅಡುಗೆಮನೆಗೆ ಅರ್ಥಿಂಗೇ ಇರಲಿಲ್ಲ. ಯಂತ್ರ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಮಾಡಿಸಿದೆವು. ಅದೂ ಯಂತ್ರದ ಖರ್ಚಿನಲ್ಲೇ ಸೇರಬೇಕಾದ ಖರ್ಚು.

ಆಯುಧಪೂಜೆಗೆ ಎರಡು ದಿನ ಮುಂಚೆ ಶಿಕಾರಿಪುರಕ್ಕೆ ಹೋದೆವು. ಅಜ್ಜಿಯನ್ನು ಕರೆದುಕೊಂಡೇ ಹೋದೆವು. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಐದು ಯಂತ್ರಗಳಲ್ಲಿ ಒಂದನ್ನು ಕೊಳ್ಳುವಾಗಲೂ ಅವಳು ಅಂಗಡಿಯಲ್ಲಿ ಇರಲಿಲ್ಲ, ಎಲ್ಲವೂ ‘ಸರ್‌ಪ್ರೈಸ್’. ನನ್ನ ನೆನಪಿನಲ್ಲಿ ಅವಳೇ ನೋಡಿ ಆರಿಸಿದ್ದು ಒಂದೇ, ಅಸ್ತ್ರ ಒಲೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಬೇಯಿಸಿ, ಹೊಗೆಯನ್ನು ಕೊಳವೆಯಲ್ಲಿ ಮನೆಯ ಹೊರಗೆ ಕಳಿಸುವ ಒಲೆಯನ್ನು ಅವರು ಮಾಡಿದರು. ಅಕ್ಕನ ಮನೆಯಲ್ಲಿ ನೋಡಿ ಬಂದ ಇವಳು ಕೆಮ್ಮುತ್ತಲೇ, ನನಗೂ ಅದೇ ಬೇಕು ಎಂದಿದ್ದಳು. ಗ್ಯಾಸ್ ಬಂದ ಮೇಲೂ ಆ ಒಲೆ ಬಹಳ ವರ್ಷ ಹಿತ್ತಲ ಕಡೆ ಉರಿಯಿತು. ಅದು ಅಟ್ಟ ಹತ್ತಲಿಲ್ಲ. ಮಣ್ಣಿನ ಒಲೆಯನ್ನು ಅಟ್ಟಕ್ಕೆ ಹತ್ತಿಸಲು ಆಗುವುದೂ ಇಲ್ಲ ಅನ್ನಿ.

ಅಂಗಡಿಯ ಹುಡುಗ ಬಣ್ಣದ ಬಗ್ಗೆ ಶುರುಮಾಡಿದ. ಕೆಂಪು, ನೇರಳೆ. ಅಜ್ಜಿ ಅವನ ಮಾತು ಮುಗಿಯುವವರೆಗೆ ಸುಮ್ಮನಿದ್ದು, “ಇದರಲ್ಲಿ ಹಿಟ್ಟು ತೆಗೆಯೋದು ಹೇಗಪ್ಪಾ, ತೋರಿಸು” ಎಂದಳು. ಅವನು ಮುಚ್ಚಳ ತೆಗೆದು, ಕಲ್ಲು ಎತ್ತಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ ತೋರಿಸಿದ. “ನಾನು ಎತ್ತಲಾ?” ಎಂದು ಅವಳೇ ಕೈ ಹಾಕಿದಳು. ಪಾತ್ರೆ ಖಾಲಿ ಇತ್ತು. ಆದರೂ ಅರ್ಧಕ್ಕೆ ಬಿಟ್ಟಳು, ಎಡಗೈ ಬಲಭುಜಕ್ಕೆ ಹೋಯಿತು. ನನ್ನ ಪಕ್ಕದಲ್ಲಿದ್ದ ಮೊಮ್ಮಗಳು ಮೆಲ್ಲಗೆ, “ಹನ್ನೆರಡು” ಎಂದಳು.

ನಾವು ಅಂಗಡಿಗೆ ಬರದೆ ಫೋನಿನಲ್ಲಿ ತರಿಸಿದ್ದರೆ ಬರುತ್ತಿದ್ದದ್ದು ಅದೇ. ರುಬ್ಬುವ ಕಷ್ಟ ಹೋಗಿ ಎತ್ತುವ ಕಷ್ಟ ಬರುತ್ತಿತ್ತು.

ಹುಡುಗ ಒಳಗಿನಿಂದ ಇನ್ನೊಂದನ್ನು ತಂದ. ಟಿಲ್ಟಿಂಗ್ ಗ್ರೈಂಡರ್, ಅಂದರೆ ಬಾಗುವ ಗ್ರೈಂಡರ್. ಹಿಡಿಕೆಯ ಬೀಗ ಸಡಿಲಿಸಿದರೆ ಪಾತ್ರೆ ತಾನೇ ಮುಂದಕ್ಕೆ ಬಾಗುತ್ತದೆ, ಕೆಳಗೆ ಬೋಗುಣಿ ಇಟ್ಟು ಹಿಟ್ಟನ್ನು ಎಳೆದುಕೊಂಡರಾಯಿತು. ಏನನ್ನೂ ಎತ್ತಬೇಕಿಲ್ಲ. ಬೆಲೆ ಮೊದಲಿನದಕ್ಕಿಂತ ಮೂರು ಸಾವಿರ ಹೆಚ್ಚು. ನನ್ನ ಕೈ ಜೇಬಿಗೆ ಹೋಯಿತು, ಅವಳು ಚೀಲದ ಜಿಪ್ಪು ಎಳೆದುಕೊಂಡಳು. ಆ ಮೂರು ಸಾವಿರವೇ ಅವಳಿಗೆ ಬೇಕಾದ ಯಂತ್ರ. ಉಳಿದದ್ದು ಎಲ್ಲದರಲ್ಲೂ ಇರುವುದು.

ಆಮೇಲೆ ಅವಳು ಕೇಳಿದ ಪ್ರಶ್ನೆಗಳಿಗೆ ಹುಡುಗ ಬೆವತುಹೋದ. ಕಲ್ಲು ಬೇರೆ ಬಿಚ್ಚಿ ತೊಳೆಯಬಹುದಾ? ಬೆಲ್ಟು ಹರಿದರೆ ಇಲ್ಲೇ ಸಿಗುತ್ತದಾ, ಶಿವಮೊಗ್ಗಕ್ಕೆ ಹೋಗಬೇಕಾ? ರಿಪೇರಿ ಮಾಡುವವರು ಯಾರು? ಐಎಸ್‌ಐ ಗುರುತು ಎಲ್ಲಿದೆ? ವಾರಂಟಿ ಕಾರ್ಡಿಗೆ ಇಂದೇ ಸೀಲು ಹಾಕಿ ಕೊಡು. ಕೊನೆಯ ಎರಡನ್ನು ಮೊಮ್ಮಗಳು ಹೇಳಿಕೊಟ್ಟದ್ದು.

ಅಳತೆಯ ಬಗ್ಗೆ ಮಗ ಫೋನಿನಲ್ಲಿ, “ಅಮ್ಮಾ, ಐದು ಲೀಟರಿಂದೇ ತಗೋ, ಹಬ್ಬಕ್ಕೆ ಬೇಕಾಗುತ್ತೆ” ಎಂದ. “ಇರೋದು ನಾವಿಬ್ಬರು. ವರ್ಷಕ್ಕೊಂದು ದಿನದ ಮೆರವಣಿಗೆಗೆ ವರ್ಷವಿಡೀ ಆನೆ ಸಾಕೋದಾ?” ಎಂದಳು. ಎರಡು ಲೀಟರಿನದನ್ನೇ ಆರಿಸಿದಳು. ಹಬ್ಬಕ್ಕೆ ಮೂರು ಸಲ ರುಬ್ಬಿದರೆ ಆಯಿತು. ಎರಡು ಲೀಟರಿನ ಪಾತ್ರೆಗೆ ಎರಡು ಲೀಟರ್ ಅಕ್ಕಿ ಸುರಿಯಬಾರದು ಎನ್ನುವುದನ್ನೂ ಅವಳೇ ನನಗೆ ಹೇಳಿದ್ದು. ನೆನೆದ ಅಕ್ಕಿ ಉಬ್ಬಿರುತ್ತದೆ, ನೀರಿಗೂ ಜಾಗ ಬೇಕು.

ಕಾಯಿ ತುರಿಯುವ ಬಿಡಿಭಾಗ ಅದರ ಜೊತೆಗೇ ಬಂತು. ನೋಟ್ ಬುಕ್ಕಿನ ಆ ಒಂಬತ್ತು ಗೀಟಿಗೂ ಉತ್ತರ ಸಿಕ್ಕಿತು ಎಂದು ನಾನು ಬಸ್ಸಿನಲ್ಲಿ ಹಿಗ್ಗುತ್ತಾ ಬಂದೆ.

ಮನೆಗೆ ತಂದು, ಹೊಸ ಕಲ್ಲಿನ ಪುಡಿ ಹೋಗಲೆಂದು ಮೊದಲು ಹಿಡಿ ಅಕ್ಕಿಯನ್ನು ನೀರು ಹಾಕಿ ರುಬ್ಬಿ ಚೆಲ್ಲಿದೆವು, ಎರಡು ಸಲ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಸೈಕಲ್ಲಿನ ಸಾಲಿನಲ್ಲಿ ಗ್ರೈಂಡರೂ ಕೂತಿತು. ಅಜ್ಜಿ ಅದಕ್ಕೆ ಕುಂಕುಮ ಇಟ್ಟು, ಎದ್ದು ಹೋಗಿ ಒರಳುಕಲ್ಲಿಗೂ ಇಟ್ಟು ಬಂದಳು. ಆ ದಿನ ತೇಲುವ ಪರೀಕ್ಷೆಯೂ ಆಯಿತು. ಗ್ರೈಂಡರಿನ ಉದ್ದು ತೇಲಿತು. ಅಜ್ಜಿ ಲೋಟದೊಳಗೆ ಸ್ವಲ್ಪ ಹೊತ್ತು ನೋಡಿ, “ಪರವಾಗಿಲ್ಲ” ಎಂದಳು. ಅವಳ ಬಾಯಲ್ಲಿ ಅದು ಫಸ್ಟ್ ಕ್ಲಾಸ್.

ಹುಣ್ಣಿಮೆಯ ಹಿಂದಿನ ದಿನ ಮೊಮ್ಮಗಳು ಅಜ್ಜಿಯ ಪಕ್ಕ ಕೂತು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದಳು. ಸಂಜೆಯಿಂದ ಒಲೆ ಹೊತ್ತಿತು. ಮಗಳು, ಸೊಸೆ ಕಡುಬಿಗೆ ಕೂತರು. ಅಜ್ಜಿ ಮಣೆಯ ಮೇಲೆ ಕೂತು ಯಂತ್ರಕ್ಕೆ ಸ್ವಲ್ಪಸ್ವಲ್ಪವೇ ಹೂರಣ ಹಾಕುತ್ತಿದ್ದಳು. ಬೇಯಿಸಿದ ಬೇಳೆ ಬೆಲ್ಲ ಗಟ್ಟಿ, ಅಂಚಿಗೆ ಹತ್ತಿಕೊಳ್ಳುತ್ತದೆ. ಸ್ವಿಚ್ ಆರಿಸಿ, ಮರದ ಸೌಟಿನಿಂದ ಕೆಳಗೆ ತಳ್ಳಿ, ಮತ್ತೆ ಹಾಕುವುದು. ಎರಡು ಪಾತ್ರೆ ಹೂರಣ ಆಯಿತು. ಬಲಗೈ ಅಷ್ಟು ಹೊತ್ತೂ ಮಡಿಲಲ್ಲಿತ್ತು.

ಮೂರನೆಯದು ತಿರುಗುತ್ತಿದ್ದಾಗ, ರಾತ್ರಿ ಒಂದೂವರೆಗೆ, ಕರೆಂಟು ಹೋಯಿತು.

ಎಲ್ಲರೂ ಮಾತು ನಿಲ್ಲಿಸಿದರು. ಮಗ ಮೊಬೈಲಿನ ದೀಪ ಹಿಡಿದ. ಕಾಲು ಗಂಟೆ ಕಾದೆವು, ಅರ್ಧ ಗಂಟೆ ಕಾದೆವು. ಉಳಿದ ಹೂರಣವನ್ನು ಅಜ್ಜಿ ಬೋಗುಣಿಗೆ ತೆಗೆದಳು, ಪಾತ್ರೆ ಬಾಗಿಸಿಯೇ. ತೆಗೆದು ಒರಳುಕಲ್ಲಿನ ಕಡೆ ಹೊರಳಿದಳು. ಅಷ್ಟರಲ್ಲಿ ನಾನು ಹೋಗಿ ಒರಳಿನ ಮುಂದೆ ಕೂತಿದ್ದೆ. ಹೇಗೆ ಹೋದೆನೋ ಗೊತ್ತಿಲ್ಲ. ಆ ನೋಟ್ ಬುಕ್ಕಿನ ಕೊನೆಯ ಹಾಳೆಯೇ ನನ್ನನ್ನು ಎಬ್ಬಿಸಿ ಕೂರಿಸಿರಬೇಕು.

“ಏನು, ಪೋಸ್ಟ್ ಮಾಸ್ಟ್ರು ರುಬ್ಬುತ್ತಾರಾ?” ಎಂದಳು.

“ನೀನು ಹೇಳಿಕೊಡು, ರುಬ್ಬುತ್ತೇನೆ.”

ಹೇಳಿಕೊಟ್ಟಳು. ಬಲಗೈಯಲ್ಲಿ ಗುಂಡು ತಿರುಗಿಸಬೇಕು, ಎಡಗೈಯಲ್ಲಿ ಹೂರಣವನ್ನು ಗುಂಡಿನ ಕೆಳಗೆ ನೂಕುತ್ತಿರಬೇಕು, ಬೆರಳು ಸಿಕ್ಕಿಸಿಕೊಳ್ಳಬಾರದು. ಕೇಳಲು ಸುಲಭ. ಐದು ನಿಮಿಷಕ್ಕೆ ನನ್ನ ತೋಳು ನೋಯತೊಡಗಿತು. ಹತ್ತು ನಿಮಿಷಕ್ಕೆ ಮಗ ಕೂತ, ಆಮೇಲೆ ಮೊಮ್ಮಗಳು, ಆಮೇಲೆ ಮತ್ತೆ ನಾನು. ಆ ಕಲ್ಲನ್ನು ಅವಳು ಎಷ್ಟು ವರ್ಷ, ವಾರಕ್ಕೆ ಎಷ್ಟು ಸಲ ತಿರುಗಿಸಿದ್ದಾಳೆ ಎಂದು ಲೆಕ್ಕ ಹಾಕಲು ಹೊರಟೆ. ಅಂಚೆ ಕಚೇರಿಯಲ್ಲಿ ಒಂದು ದಿನವೂ ಲೆಕ್ಕ ತಪ್ಪದವನಿಗೆ ಆ ರಾತ್ರಿ ಲೆಕ್ಕ ಕೂಡಲಿಲ್ಲ. ಸದ್ಯ, ಹೂರಣ ನುಣ್ಣಗಾಗಿಲ್ಲ ಎಂದು ಅವಳು ಎರಡು ಸಲ ಬೆರಳಿನಿಂದ ಒತ್ತಿ ನೋಡಿ ವಾಪಸು ಕಳಿಸಿದಳು. ಮೂರನೇ ಸಲ ಪಾಸಾಯಿತು.

ಕತ್ತಲಿರುವಾಗಲೇ ಗದ್ದೆಗೆ ಹೋಗಿ ಹಚ್ಚಂಬಲಿ ಬೀರಿ ಬಂದೆವು. ಹೊತ್ತು ಏರಿದ ಮೇಲೆ ಗದ್ದೆಯ ಅಂಚಿನಲ್ಲಿ ಎಲೆ ಹಾಕಿ ಕೂತಾಗ ಅಜ್ಜಿ ಎಲ್ಲರಿಗೂ ಹೋಳಿಗೆ ಬಡಿಸಿದಳು, ಬಲಗೈಯಿಂದಲೇ. ಯಾವುದು ಗ್ರೈಂಡರಿನದು, ಯಾವುದು ಒರಳಿನದು ಎಂದು ಕಂಡುಹಿಡಿಯುತ್ತೇನೆ ಎಂದು ಮೊಮ್ಮಗ ಆರು ಹೋಳಿಗೆ ತಿಂದ. ಗೊತ್ತಾಗಲಿಲ್ಲವಂತೆ, ಇನ್ನೆರಡು ಬೇಕಂತೆ.

ಗ್ರೈಂಡರ್ ಈಗ ಒರಳುಕಲ್ಲಿನ ಪಕ್ಕದ ಕಟ್ಟೆಯ ಮೇಲಿದೆ. ವಾರಕ್ಕೆ ಮೂರು ದಿನ ತಿರುಗುತ್ತದೆ. ಅಜ್ಜಿಯ ಭುಜ ಪೂರ್ತಿ ಸರಿಹೋಗಿಲ್ಲ, ಆದರೆ ಕೈ ಈಗ ಮೇಲಿನ ಶೆಲ್ಫಿನವರೆಗೆ ಹೋಗುತ್ತದೆ. ಕಾಯಿ ತುರಿಯುವ ಬಿಡಿಭಾಗ ಮಾತ್ರ ಅವಳ ಪರೀಕ್ಷೆಯಲ್ಲಿ ಫೇಲಾಯಿತು. ತುರಿಯಲ್ಲಿ ಚಿಪ್ಪಿನ ಕಪ್ಪು ಬರುತ್ತದೆ, ಬಿಳೀ ತುರಿ ಬರುವುದಿಲ್ಲ ಎಂದಳು. ಅದೊಂದೇ ಅಟ್ಟ ಹತ್ತಿತು.

ಹಾಗಾಗಿ ಈಳಿಗೆಮಣೆ ಈಗ ನನ್ನ ಪಾಲಿಗೆ ಬಂದಿದೆ. ಮೊದಲ ವಾರ ಬೆರಳು ಎರಡು ಕಡೆ ಗೀರಿತು. ಈಗ ಪರವಾಗಿಲ್ಲ, ಅವಳೇ ಹೇಳಿದ್ದು. ನಾಳೆ ಮನೆಗೆ ನೆಂಟರು ಬರುವವರಿದ್ದಾರೆ, ಮೂರು ಕಾಯಿ ತುರಿದಿಡಬೇಕು. ಒಳಗಿನಿಂದ ಕರೆ ಬಂತು, ಹೊರಟೆ.